ಮಲಗಿಸಿ ನೋಡುವ ಸಿಸ್ಟರ್

ನಮ್ಮ ಬೀದಿಯ ತಿರುವಿನಲ್ಲಿ, ಬೀಗದ ಕೈ ಮಾಡಿಕೊಡುವವನ ಗೂಡಿಗೂ ಕನ್ನಡಕದ ಅಂಗಡಿಗೂ ನಡುವೆ, ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿಯೊಂದಿದೆ. ಅದರ ಒಡತಿಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಇಪ್ಪತ್ತಮೂರು ವರ್ಷ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ, ಕೂತು ಮಾಡುವ ಕೆಲಸವೇ ಬೇಕೆಂದು ತಮ್ಮನಿಂದ ಈ ವಿದ್ಯೆ ಕಲಿತರು. ತಮ್ಮ ಬೇರೆ ವ್ಯಾಪಾರ ಹಿಡಿದು ಹೋದ, ಅಂಗಡಿ ಅಕ್ಕನಿಗೆ ಉಳಿಯಿತು.

ಆದರೆ ಅವರ ತಲೆಯೊಳಗಿನ ವಾರ್ಡು ಹಾಗೇ ಇದೆ. ಬಿಳಿ ಹಾಳೆ ಹಾಸಿದ ಉದ್ದನೆಯ ಮೇಜಿಗೆ ಅವರು ‘ಬೆಡ್’ ಅನ್ನುತ್ತಾರೆ. ಕಂಪ್ಯೂಟರ್ ಹೊತ್ತು ತಂದವರು ಬಾಯಿ ಬಿಡುವ ಮೊದಲೇ, ‘ಮಲಗ್ಸಿ, ಮಲಗ್ಸಿ, ನಿಧಾನ’ ಎಂದು ಡಬ್ಬಿಯನ್ನು ಮಗ್ಗುಲಾಗಿ ಮಲಗಿಸಿಯೇ ಬಿಡುತ್ತಾರೆ. ‘ನಿಂತಿರೋ ರೋಗೀನ ಯಾರಾದ್ರೂ ಪರೀಕ್ಷೆ ಮಾಡ್ತಾರಾ?’ ಎಂಬುದು ಅವರ ಪ್ರಶ್ನೆ. ಪ್ರತಿ ಯಂತ್ರಕ್ಕೂ ಒಂದು ಚಾರ್ಟು. ಅರ್ಧ ಗಂಟೆಗೊಮ್ಮೆ ಎಷ್ಟು ಬಿಸಿಯಾಗಿದೆ, ಫ್ಯಾನ್ ಹೇಗೆ ಉಸಿರಾಡುತ್ತಿದೆ, ಎಲ್ಲ ದುಂಡಗಿನ ಅಕ್ಷರದಲ್ಲಿ. ವಾಸಿಯಾದರೆ ಕೊನೆಯ ಸಾಲಿನಲ್ಲಿ ‘ಮನೆಗೆ ಕಳಿಸಬಹುದು’. ಮನೆಗೆ ಬಂದು ನೋಡಿ ಎಂದರೆ ಮಾತ್ರ ಸುತರಾಂ ಒಪ್ಪುವವರಲ್ಲ. ಮೆಟ್ಟಿಲು ಕಂಡರೆ ಅವರಿಗೆ ಆಗುವುದಿಲ್ಲ.

ಈ ಸಿಸ್ಟರ್ ಮೇಲೆ ನಾನು ಒಂದು ವಾರ ಕೆಂಡಾಮಂಡಲವಾಗಿದ್ದೆ. ಅದಕ್ಕೆ ಕಾರಣ ನಮ್ಮಮ್ಮನ ವಿಮಾನ.

ಅಮ್ಮ ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ನದಿ, ಪರ್ವತ, ಕೊಲ್ಲಿ, ಎಲ್ಲವನ್ನೂ ಗೋಡೆಯ ನಕಾಶೆಯ ಮೇಲೆ ಕೋಲಿನಿಂದ ತೋರಿಸಿದ್ದಳೇ ಹೊರತು ಒಂದನ್ನೂ ಮೇಲಿನಿಂದ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟ ಹಿಡಿದಳು. ಆಟ ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ‘ಅಭ್ಯಾಸ’ ಅನ್ನಬೇಕು. ಮೇಜಿನ ಮೇಲೆ ವಿಮಾನ ತಿರುಗಿಸುವ ಹಿಡಿ, ಮೇಜಿನ ಕೆಳಗೆ ವಿಮಾನದ್ದೇ ತರಹದ ಕಾಲುಪೆಡಲ್ಲು. ಹಳೆಯ ಯಂತ್ರದಲ್ಲಿ ಮೋಡಗಳು ಒದ್ದೆ ಹತ್ತಿಯ ಉಂಡೆಗಳ ಹಾಗೆ ಕಾಣುತ್ತಿದ್ದವು. ಅವಳ ಅರವತ್ತೈದನೇ ಹುಟ್ಟುಹಬ್ಬಕ್ಕೆ ನಾನೂ ಅಣ್ಣನೂ ಸೇರಿ ಪರದೆಯ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ತಂದೆವು. ಮೊಳದುದ್ದ, ಇಟ್ಟಿಗೆಯ ಭಾರ, ಮೂರು ಫ್ಯಾನು. ಕಂಪ್ಯೂಟರಿನೊಳಗೆ ನಾನೇ ಕೂರಿಸಿದೆ. ಮೋಡ ಮೋಡವಾಯಿತು. ಸಮುದ್ರದ ಮೇಲೆ ಬಿಸಿಲು ಮಿನುಗಿತು. ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ‘ಕೊಲ್ಲಿ ಅಂದ್ರೆ ಹೀಗಿರತ್ತೆ ನೋಡು, ನಾನು ಸರಿಯಾಗೇ ಬರೀತಿದ್ದೆ’ ಎಂದಳು.

ಆಮೇಲೆ ಇಳಿಸಲು ಹೋದಳು. ಚಕ್ರ ನೆಲ ಮುಟ್ಟಿದ್ದೇ ತಡ, ಪರದೆ ಕಪ್ಪಾಗಿ ಕಂಪ್ಯೂಟರ್ ಸತ್ತೇ ಹೋಯಿತು.

ಅಲ್ಲಿಂದ ಶುರುವಾಯಿತು ಪೀಡೆ. ಹಾರಾಟ ಎರಡು ಗಂಟೆಯಾದರೂ ಸಲೀಸು, ಇಳಿಯುವಾಗ ಮಾತ್ರ ಕತ್ತಲು. ಅಮ್ಮ ಸೇರಬೇಕೆಂದಿದ್ದುದು ನಿವೃತ್ತರದ್ದೇ ಒಂದು ವಿಮಾನ ಕೂಟ. ಊರೂರಿನವರು ಭಾನುವಾರ ಹನ್ನೊಂದು ಗಂಟೆಗೆ ತಮ್ಮ ತಮ್ಮ ಮನೆಯಲ್ಲೇ ಕೂತು, ಕಿವಿಗೆ ಮೈಕು ಸಿಕ್ಕಿಸಿಕೊಂಡು ಒಟ್ಟಿಗೆ ಹಾರುತ್ತಾರೆ. ಸೇರಬೇಕಾದರೆ ಎಲ್ಲರ ಮುಂದೆ ಒಂದು ಸಲ ಇಳಿಸಿ ತೋರಿಸಬೇಕು. ಅವಕಾಶ ಮೂರು. ಮೊದಲ ಭಾನುವಾರ ಅಮ್ಮ ನೆಲ ಮುಟ್ಟಿ ಮಾಯವಾದಳು. ಎರಡನೇ ಭಾನುವಾರವೂ ಅದೇ ಕಥೆ. ಮತ್ತೆ ಸಂಪರ್ಕ ಸಿಕ್ಕಾಗ, ‘ಕಂಪ್ಯೂಟರ್ ಕೆಟ್ಟೋಯ್ತು’ ಎಂದಳು. ಕೂಟದ ಅಧ್ಯಕ್ಷರು, ಬ್ಯಾಂಕಿನ ಮ್ಯಾನೇಜರ್ ಆಗಿದ್ದವರು, ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ‘ಪರವಾಗಿಲ್ಲ ಮೇಡಂ, ಶುರುವಿನಲ್ಲಿ ಎಲ್ಲರ ಕಂಪ್ಯೂಟರೂ ಇಳಿಯೋವಾಗಲೇ ಕೆಡತ್ತೆ.’ ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅಮ್ಮನ ಮುಖ ನಾನು ನೋಡಿದೆ. ‘ಹೋಂವರ್ಕ್ ಮನೇಲಿ ಬಿಟ್ಟು ಬಂದೆ ಮಿಸ್’ ಎಂದವರನ್ನು ಒಮ್ಮೆಯೂ ನಂಬದೆ ಬಾಗಿಲ ಹೊರಗೆ ನಿಲ್ಲಿಸಿದ ಹೆಂಗಸು ಅವಳು. ಈಗ ಅವಳನ್ನೇ ಹೊರಗೆ ನಿಲ್ಲಿಸಿದ್ದರು. ಉಳಿದದ್ದು ಒಂದೇ ಭಾನುವಾರ.

ಮೊದಲ ಸಲ ಕೆಟ್ಟಾಗಲೇ ಯಂತ್ರವನ್ನು ಸಿಸ್ಟರ್ ಹತ್ತಿರ ಹೊತ್ತಿದ್ದೆ. ಅವರೇನೂ ಹಗುರವಾಗಿ ನೋಡಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕಾರ್ಡಿಗೆ ಎರಡು ಸ್ಕ್ರೂ ಹಾಕುವ ಕಡೆ ನಾನು ಒಂದೇ ಹಾಕಿದ್ದನ್ನು ಕಂಡು, ‘ಇನ್ನೊಂದೆಲ್ಲಿ?’ ಎಂದರು. ಬೀರುವಿನ ಕೆಳಗೆ ಉರುಳಿಹೋಯಿತು ಎಂದೆ. ‘ಆಪರೇಷನ್ ಮಾಡಿ ಅರ್ಧ ಹೊಲಿಗೆ ಹಾಕಿ ಕಳಿಸೋ ಡಾಕ್ಟ್ರು ನೀವು’ ಎಂದು ತಾವೇ ಇನ್ನೊಂದು ಸ್ಕ್ರೂ ಬಿಗಿದರು. ಕಾರ್ಡನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶವನ್ನು ಬೇರು ಸಮೇತ ಕಿತ್ತು ಹೊಸದು ಹಾಕಿದರು. ವಿದ್ಯುತ್ತು ಕೊಡುವ ಪೆಟ್ಟಿಗೆ ಬದಲಿಸಿ ನೋಡಿದರು. ಮೆಮೊರಿ ಪಟ್ಟಿಗಳನ್ನು ಒಂದೊಂದೇ ತೆಗೆದು ನೋಡಿದರು. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮಾತ್ರೆ ಒಟ್ಟಿಗೆ ಕೊಟ್ಟರೆ ಯಾವುದರಿಂದ ವಾಸಿಯಾಯಿತೋ ಗೊತ್ತಾಗುವುದಿಲ್ಲವಂತೆ. ಮೂರು ಗಂಟೆ ಕಾರ್ಡಿಗೆ ಎಡೆಬಿಡದೆ ಭಾರಿ ಕೆಲಸ ಕೊಟ್ಟರು. ಬಿಸಿ ಎಪ್ಪತ್ತೊಂದು ಡಿಗ್ರಿ ದಾಟಲಿಲ್ಲ. ‘ಮನೆಗೆ ಕಳಿಸಬಹುದು.’

ಮನೆಗೆ ಬಂದು ಮತ್ತೆ ಸತ್ತಿತು. ಎರಡನೇ ಸಲ ಎರಡು ದಿನ ‘ಅಡ್ಮಿಟ್’ ಮಾಡಿಕೊಂಡರು. ಮಲಗಿದ ಯಂತ್ರ ಕಲ್ಲುಗುಂಡಿನಂತಿತ್ತು. ಆಗ ಅವರು ಚಾರ್ಟಿನ ಕೊನೆಗೆ ಒಂದು ಸಾಲು ಬರೆದರು: ‘ರೋಗವಿಲ್ಲ.’ ಬರೆದದ್ದಲ್ಲದೆ, ಮೆತ್ತಗೆ ನನಗೆ ಹೇಳಿದರು. ‘ನೋಡಿ, ಯಂತ್ರದಲ್ಲಿ ಏನೂ ಇಲ್ಲ. ವಯಸ್ಸಾದೋರು, ಇಳಿಸೋ ಗಾಬರೀಲಿ ಯಾವುದೋ ಗುಂಡಿ ಒತ್ತಿಬಿಡ್ತಾರೆ. ತಾಯೀನ ನೋಯಿಸಬೇಡಿ, ನಯವಾಗಿ ಹೇಳಿ.’

ನನಗೆ ನಖಶಿಖಾಂತ ಉರಿಯಿತು. ‘ನಮ್ಮಮ್ಮನಿಗೆ ಗಾಬರಿ ಅನ್ನೋದು ಗೊತ್ತೇ ಇಲ್ಲ. ಗಾಬರಿ ಬೀಳೋರು ಏನಿದ್ರೂ ಅವಳ ಎದುರಿಗೆ ಇರೋರು’ ಎಂದು ಯಂತ್ರ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಗೊಣಗಿದೆ. ಮನೆಗೆ ಬಂದವಳು ತಡೆಯಲಾರದೆ ಸಿಸ್ಟರ್ ಹೇಳಿದ್ದನ್ನು ಅಮ್ಮನ ಮುಂದೆ ಕಕ್ಕಿಯೂ ಬಿಟ್ಟೆ.

ಶನಿವಾರ ಮಧ್ಯಾಹ್ನ ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಶಾಲೆಗೆ ಹೊರಟಂತೆ ಹೊರಟಳು. ಹಿಂದೆಯೇ ಓಡಿದೆ. ಅಂಗಡಿಯ ಮುಂದೆ ನೆಟ್ಟಗೆ ನಿಂತು ಸಿಸ್ಟರನ್ನು ಕೇಳಿದಳು. ‘ನಾನು ಸುಳ್ಳು ಹೇಳ್ತಿದೀನಿ ಅನ್ಸತ್ತಾ ನಿಮಗೆ?’

ಜಗಳ ಕಾಯುತ್ತಿದ್ದ ನಾನು ಅಮ್ಮನ ದನಿ ಕೇಳಿ ತಣ್ಣಗಾದೆ. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು, ತನಗೇ ತನ್ನ ಮೇಲೆ ಅನುಮಾನ ಬಂದವಳಂತೆ. ಸಿಸ್ಟರ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

‘ನಿಮ್ಮನೆ ಎಷ್ಟನೇ ಮಹಡಿ?’

‘ಮೂರನೇದು.’

‘ಲಿಫ್ಟು?’

‘ಇಲ್ಲ.’

‘ನಾಳೆ ಒಂಬತ್ತಕ್ಕೆ ಬರ್ತೀನಿ’ ಎಂದರು ಸಿಸ್ಟರ್. ಬೀಗದ ಕೈಯವನು ಅರ ಕೆಳಗಿಟ್ಟು ಇತ್ತ ತಿರುಗಿ ನೋಡಿದ.

ಬಂದರು. ಪ್ರತಿ ಮಹಡಿಯ ತಿರುವಿನಲ್ಲೂ ನಾನಿಟ್ಟ ಕುರ್ಚಿಯಲ್ಲಿ ಕೂತು, ಮೊಣಕಾಲಿಗೆ ಬೈದು, ನಮ್ಮ ಮನೆ ಕಟ್ಟಿಸಿದವನ ವಂಶಕ್ಕೂ ಎರಡು ಮಾತು ಹೇಳಿ ಹತ್ತಿದರು. ಒಳಗೆ ಬಂದವರು ಯಂತ್ರ ಮುಟ್ಟಲಿಲ್ಲ. ‘ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ’ ಎಂದು ಅಮ್ಮನ ಪಕ್ಕ ಕೂತರು. ಅಮ್ಮ ಹಾರಿಸಿದಳು, ಊರು ಸುತ್ತಿದಳು, ಇಳಿಸಿದಳು. ಚಕ್ರ ನೆಲ ಮುಟ್ಟಿತು. ಅಮ್ಮ ಎರಡೂ ಪೆಡಲನ್ನು ಧಡ್ ಎಂದು ತುಳಿದು ಬ್ರೇಕು ಹಾಕಿದಳು. ಪರದೆ ಕಪ್ಪಾಯಿತು.

‘ನೋಡಿದ್ರಾ!’ ಎಂದು ನಾನು ಕುಣಿದೇಬಿಟ್ಟೆ. ಕಂಪ್ಯೂಟರ್ ಕೆಟ್ಟದ್ದಕ್ಕೆ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು.

ಸಿಸ್ಟರ್ ಮೇಜಿನ ಕೆಳಗೆ ಬಗ್ಗಿದ್ದರು. ಪೆಡಲುಗಳೂ ಕಂಪ್ಯೂಟರಿನ ಡಬ್ಬಿಯೂ ಒಂದೇ ಹಲಗೆಯ ಮೇಲಿದ್ದವು. ಪೆಡಲು ಜಾರದಿರಲೆಂದು ನಾನೇ ಹಳೆಯ ಕಪಾಟಿನ ಹಲಗೆಗೆ ಮೊಳೆ ಹೊಡೆದು ಕೂರಿಸಿ, ಉಳಿದ ಜಾಗದಲ್ಲಿ ಡಬ್ಬಿ ನಿಲ್ಲಿಸಿದ್ದೆ.

‘ಇದು ಯಾವಾಗ್ಲೂ ಹೀಗೇ ನಿಂತಿರತ್ತಾ?’

‘ಇನ್ನೇನು, ದಿಂಬು ಕೊಟ್ಟು ಮಲಗಿಸ್ತೀವಾ?’ ಎಂದೆ. ನಾಲಿಗೆಗೆ ಲಗಾಮು ಇಲ್ಲದಿರುವುದು ನನ್ನ ಹುಟ್ಟುಗುಣ.

ಸಿಸ್ಟರ್ ಪಟ್ಟನೆ ಹಣೆ ಬಡಿದುಕೊಂಡರು. ನಿಲ್ಲಿಸಿದ ಹಾಗೆಯೇ ಡಬ್ಬಿಯ ಪಕ್ಕದ ಮುಚ್ಚಳ ತೆಗೆಸಿ ಟಾರ್ಚು ಬಿಟ್ಟರು. ಮಲಗಿಸಿದಾಗ ನೆಟ್ಟಗೆ ಕೂತಿರುತ್ತಿದ್ದ ಕಾರ್ಡು, ನಿಲ್ಲಿಸಿದಾಗ ಅಡ್ಡಡ್ಡಲಾಗಿ ಚಾಚಿಕೊಂಡು, ತನ್ನ ಭಾರಕ್ಕೆ ತಾನೇ ಸ್ಕ್ರೂ ಇಲ್ಲದ ಬಾಲದ ಕಡೆ ಜೋತುಬಿದ್ದಿತ್ತು. ‘ಮೇಡಂ, ಒಂದ್ಸಲ ತುಳೀರಿ’ ಎಂದರು. ಅಮ್ಮ ತುಳಿದಳು. ಹಲಗೆ ಅದುರಿತು, ಕಾರ್ಡಿನ ಬಾಲ ಹೌದು ಹೌದು ಎಂಬಂತೆ ತಲೆಯಾಡಿಸಿತು. ಅದು ತಲೆಯಾಡಿಸಿದಾಗಲೆಲ್ಲ ಅದನ್ನು ಸಿಕ್ಕಿಸಿದ್ದ ಬೋರ್ಡಿನ ಕಚ್ಚಿನೊಳಗೆ ಅದರ ಹಲ್ಲುಗಳು ಒಂದು ಕ್ಷಣ ಹಿಡಿತ ತಪ್ಪುತ್ತಿದ್ದವು. ಅಷ್ಟೇ ರೋಗ.

ಸಿಸ್ಟರ್ ನೆಲದ ಮೇಲೇ ಕೂತುಬಿಟ್ಟರು. ‘ನಮ್ಮ ವಾರ್ಡಲ್ಲಿ ಒಬ್ಬ ದರ್ಜಿ ಇದ್ದ. ಎದ್ರೆ ಕಣ್ಣು ಕತ್ತಲೆ ಬರತ್ತೆ ಸಿಸ್ಟರ್ ಅಂತಿದ್ದ. ನಾವು ಮಲಗಿಸಿ ಬಿ.ಪಿ. ನೋಡ್ತಿದ್ವಿ, ಸರಿಯಾಗೇ ಇರೋದು. ಮನೆಗೆ ಹೋಗೋಕೆ ಇಷ್ಟ ಇಲ್ಲ, ನಾಟಕ ಆಡ್ತಾನೆ ಅಂತ ನಕ್ವಿ. ಆಮೇಲೆ ಒಬ್ಬ ಡಾಕ್ಟ್ರು ಬಂದು ನಿಲ್ಲಿಸಿ ನೋಡಿದ್ರು. ಸರ್ರಂತ ಇಳೀತು. ಅವತ್ತಿಂದ ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ಅಂತ ಹೊಸದಾಗಿ ಬಂದೋರಿಗೆಲ್ಲ ನಾನೇ ಹೇಳ್ಕೊಡ್ತಿದ್ದೆ. ಇಲ್ಲಿಗೆ ಬಂದ್ಮೇಲೆ ಮಲಗಿಸೋದು ಮಾತ್ರ ನೆನಪಿಟ್ಕೊಂಡೆ, ಮೇಡಂ.’

ಗಂಟೆ ಹತ್ತೂವರೆ. ಸಿಸ್ಟರ್ ತಮ್ಮ ತಗಡಿನ ಪೆಟ್ಟಿಗೆಯಿಂದ ಸೂಜಿಯಿಲ್ಲದ ದೊಡ್ಡ ಸಿರಿಂಜು ತೆಗೆದರು, ಧೂಳು ಊದಲು ಇಟ್ಟುಕೊಂಡದ್ದು. ಕಾರ್ಡನ್ನು ಗಟ್ಟಿಯಾಗಿ ಒತ್ತಿ ಕೂರಿಸಿ, ಜೋತ ಬಾಲದ ಕೆಳಗೆ ಸಿರಿಂಜನ್ನು ಕಂಬದ ಹಾಗೆ ನಿಲ್ಲಿಸಿ, ಕಾರ್ಡು ಮಟ್ಟಸವಾಗುವವರೆಗೆ ಹಿಡಿಯನ್ನು ಎಳೆದು, ಜಾರದಂತೆ ಬ್ಯಾಂಡೇಜಿನ ಟೇಪು ಸುತ್ತಿದರು. ಡಬ್ಬಿಯನ್ನು ಹಲಗೆಯಿಂದ ಇಳಿಸಿ ನೆಲಕ್ಕಿಟ್ಟರು. ‘ಈಗ ಏನು ಬೇಕಾದ್ರೂ ತುಳೀರಿ.’

ಹನ್ನೊಂದಕ್ಕೆ ಅಮ್ಮ ಮೈಕು ಸಿಕ್ಕಿಸಿಕೊಂಡಳು. ಅಧ್ಯಕ್ಷರು, ‘ಮೇಡಂ, ಇದು ಮೂರನೇದು’ ಎಂದು ನೆನಪಿಸಿದರು. ಅಮ್ಮ ಸುತ್ತು ಹಾಕಿ ಇಳಿದಳು. ಸ್ವಲ್ಪ ವೇಗ ಜಾಸ್ತಿಯಾಯಿತು. ಚಕ್ರ ಮುಟ್ಟಿ ಒಂದು ನೆಗೆತ ನೆಗೆಯಿತು. ಅಮ್ಮ ಮನೆಯೇ ನಡುಗುವಂತೆ ಪೆಡಲು ತುಳಿದಳು. ನನ್ನ ಕಣ್ಣು ತಾನೇ ಮುಚ್ಚಿಕೊಂಡಿತು. ತೆರೆದಾಗ ವಿಮಾನ ರನ್‌ವೇಯ ಕೊನೆ ದಾಟಿ, ಹುಲ್ಲಿನಲ್ಲಿ ಮೂಗು ತೂರಿಸಿಕೊಂಡು ನಿಂತಿತ್ತು. ಒಂದೊಂದು ಗರಿಕೆಯೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಅಮ್ಮ ಮೈಕು ಸರಿಮಾಡಿಕೊಂಡು, ತರಗತಿಗೆ ಕೇಳಿಸುವ ದನಿಯಲ್ಲಿ ಹೇಳಿದಳು. ‘ವೇಗ ಜಾಸ್ತಿ ಆಯ್ತು. ಕಂಪ್ಯೂಟರ್ ಸರಿಯಾಗಿದೆ. ತಪ್ಪು ನಂದೇ, ಪೂರ್ತಿ ನಂದೇ!’ ಅಷ್ಟು ಹಿಗ್ಗಿನಿಂದ ತಪ್ಪೊಪ್ಪಿಕೊಂಡವರನ್ನು ನಾನು ಕಂಡಿಲ್ಲ.

ಅಧ್ಯಕ್ಷರು ಜೋರಾಗಿ ನಕ್ಕುಬಿಟ್ಟರು. ‘ಆ ಹುಲ್ಲು ನನಗೂ ಚೆನ್ನಾಗಿ ಗೊತ್ತು ಮೇಡಂ. ಕಂಪ್ಯೂಟರ್ ಬಗ್ಗೆ ನಾನು ಆಡಿದ ಮಾತು ವಾಪಸ್ ತಗೊಂಡೆ. ಮುಂದಿನ ವಾರ ಎಲ್ಲರ ಜೊತೆ ಬನ್ನಿ.’

ನಾನು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತಂತೆ. ಸಿಸ್ಟರ್ ಮಾತ್ರ ಚೀಲದಿಂದ ನಮ್ಮ ಯಂತ್ರದ ಚಾರ್ಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದರು. ‘ರೋಗವಿಲ್ಲ’ ಎಂಬುದರ ಮೇಲೆ ಗೆರೆ ಎಳೆದು, ಅದರ ಕೆಳಗೆ ‘ಅವರು ಹೇಳಿದ್ದೇ ನಿಜ’ ಎಂದು ಬರೆದು, ಸಹಿ ಹಾಕಿ ಅಮ್ಮನಿಗೆ ಕೊಟ್ಟರು.

ಅಮ್ಮ ಅದನ್ನು ಎರಡು ಸಲ ಓದಿದಳು. ನಗುತ್ತಿದ್ದವಳ ಮುಖ ನಿಧಾನವಾಗಿ ಬೇರೆಯಾಯಿತು.

‘ಹೋಂವರ್ಕ್ ಮನೇಲಿ ಬಿಟ್ಟು ಬಂದೆ ಅಂತಿದ್ರಲ್ಲ ಮಕ್ಕಳು’ ಎಂದಳು. ‘ಒಬ್ಬರ ಮನೆಗಾದ್ರೂ ಹೋಗಿ ನೋಡಲಿಲ್ಲ ನಾನು.’

ಸಿಸ್ಟರ್ ಅವಳ ಕೈಯನ್ನು ಒಂದು ಕ್ಷಣ ಒತ್ತಿ ಹಿಡಿದರು. ಆಮೇಲೆ ಮೂರು ಮಹಡಿ ಇಳಿಯಲು, ಗೊಣಗುತ್ತ, ಅಮ್ಮನ ಹೆಗಲನ್ನೇ ಆಸರೆಗೆ ಕೇಳಿದರು.