ಒಬ್ಬರೇ ಹಾಡುವ ಹಾಡು

ನಮ್ಮ ಶಾಲೆಯಲ್ಲಿ ಮಕ್ಕಳ ಪ್ರತಿಭೆಯನ್ನು ಬಸ್ಸಿನ ವೇಳಾಪಟ್ಟಿ ನೋಡಿ ಗುರುತಿಸುತ್ತಿದ್ದೆವು. ಮೂರೂವರೆಗೆ ಪಾಠ ಮುಗಿಯುತ್ತಿತ್ತು. ಮೂರೂ ಮುಕ್ಕಾಲಿನ ಬಸ್ಸು ಹತ್ತಿ ಊರಿಗೆ ಹೋಗುವವರು ಸಾಮಾನ್ಯ ವಿದ್ಯಾರ್ಥಿಗಳು. ಐದೂವರೆಯ ತನಕ ಬಸ್ಸೇ ಇಲ್ಲದವರು ಪ್ರತಿಭಾವಂತರು. ಆ ಎರಡು ಗಂಟೆಗೆ ‘ಎನ್‌ರಿಚ್‌ಮೆಂಟ್’ ಎಂದು ಹೆಸರಿಟ್ಟು, ಕಾರಿಡಾರಿನ ಗೋಡೆಗೆ ಬಣ್ಣದ ಚಾರ್ಟು ಅಂಟಿಸಿದ್ದೆವು. ಅದರಲ್ಲಿ ಅಬ್ಯಾಕಸ್ ಇತ್ತು, ಕ್ವಿಜ್ ಇತ್ತು, ಇಂಗ್ಲಿಷ್ ಸಂಭಾಷಣೆ ಇತ್ತು, ಗಾಯನವೂ ಇತ್ತು. ಪಾಲಕರ ಸಭೆಯಲ್ಲಿ ನಾನು ಆ ಚಾರ್ಟಿನ ಮುಂದೆ ನಿಂತು ಮಕ್ಕಳ ಸರ್ವತೋಮುಖ ಬೆಳವಣಿಗೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ಕೊನೆಗೆ ಒಬ್ಬ ತಾಯಿ ಎದ್ದು, “ಬಸ್ ಬರೋತನ ಹುಡುಗ್ರು ಸರ್ಕಲ್ಲಿನ್ಯಾಗ ನಿಂದ್ರಾಂಗಿಲ್ಲ ಅಲ್ರಿ ಟೀಚರ್ರ? ಅಷ್ಟಾದ್ರ ಸಾಕ್ರಿ” ಎಂದಳು. ಇಡೀ ಯೋಜನೆಯನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ನಮ್ಮ ಸಿಬ್ಬಂದಿಯಲ್ಲಿ ಯಾರೂ ಇರಲಿಲ್ಲ.

ಕೂಡ್ಲಿಗಿಯಲ್ಲಿ ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ ಹೈಸ್ಕೂಲು ಅದು. ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡ ಮಕ್ಕಳು ಬೆಳಿಗ್ಗೆ ಕೈಜೋಡಿಸಿ ಏಸುವಿನ ಪ್ರಾರ್ಥನೆ ಹೇಳುತ್ತಿದ್ದರು. ಅದರಿಂದ ಏಸುವಿಗಾಗಲಿ ವಿಭೂತಿಗಾಗಲಿ ಏನೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ನಾನು ಅಲ್ಲಿ ಇಪ್ಪತ್ತು ವರ್ಷದಿಂದ ಗಣಿತದ ಟೀಚರು. ದಿನಾ ಕೊಟ್ಟೂರಿನಿಂದ ಬಸ್ಸಿಗೆ ಬರುತ್ತೇನೆ. ನನ್ನ ಬಸ್ಸೂ ಐದೂವರೆಗೇ ಇದ್ದುದರಿಂದ ನಾನೂ ಪ್ರತಿಭಾವಂತಳೇ ಆಗಿಬಿಟ್ಟೆ, ನನಗೆ ಗಾಯನ ಕೊಟ್ಟರು.

ಕೊಟ್ಟವರು ಮುಖ್ಯೋಪಾಧ್ಯಾಯಿನಿ. ನಾವೆಲ್ಲ ಬರೀ ಸಿಸ್ಟರ್ ಎನ್ನುತ್ತಿದ್ದೆವು. ಕರಾವಳಿಯ ಕಡೆಯವರು, ಪುಸ್ತಕದಲ್ಲಿದ್ದ ಹಾಗೆಯೇ ಕನ್ನಡ ಮಾತಾಡುವವರು. “ತಾಳ ಅಂದರೆ ಎಂತ ಟೀಚರ್? ಲೆಕ್ಕ ಅಲ್ವಾ? ನೀವೇ ಸರಿ” ಎಂದರು. ನಿಜವಾಗಿ ಹಾಡಲು ಬರುತ್ತಿದ್ದ ಕನ್ನಡದ ಟೀಚರಿಗೆ ಅಬ್ಯಾಕಸ್ ಹಂಚಿದರು, ಆಕೆಗೂ ಒಂದು ಬದಲಾವಣೆ ಬೇಕಲ್ಲ.

ಸಿಸ್ಟರಿಗೆ ಸಂಗೀತ ಬರುತ್ತಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕೀಬೋರ್ಡಿನ ಮುಂದೆ ಕೂತರೆ ಅವರ ಬೆರಳುಗಳಿಗೇ ಬೇರೆ ವಯಸ್ಸು. ಅವರ ಊರಿನ ಚರ್ಚಿನಲ್ಲಿ ಒಂದು ಹಾಡನ್ನು ನಾಲ್ಕು ಬೇರೆ ದನಿಗಳಲ್ಲಿ ಹಾಡುತ್ತಾರಂತೆ, ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲವಂತೆ. ನಮ್ಮಲ್ಲಿ ನಲವತ್ತು ಮಕ್ಕಳಿದ್ದರೂ ದನಿ ಒಂದೇ, ಅದೂ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಬೇಕೆಂದು ಬೆಳೆದದ್ದು. ನಾಲ್ಕು ಬೇಡ, ಎರಡಾದರೂ ಮಾಡೋಣ ಎಂದು ಸಿಸ್ಟರ್ ಮಕ್ಕಳನ್ನು ಎರಡು ಗುಂಪು ಮಾಡಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಎರಡೂ ಗುಂಪಿನವರು ಒಂದೇ ದನಿಗೆ ಬಂದು ಸೇರಿಕೊಳ್ಳುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ ಒಬ್ಬ ಹುಡುಗಿ, “ಅವ್ರಷ್ಟ ಹಾಡಾಕತ್ತಿದ್ರು ರೀ ಸಿಸ್ಟರ್, ಪಾಪ ಅನಿಸ್ತು” ಎಂದಳು. ಸಿಸ್ಟರ್ ಕೀಬೋರ್ಡಿನ ಮೇಲೆ ತಲೆಯಿಟ್ಟರು. ಕೀಬೋರ್ಡು ಒಂದು ಕೆಟ್ಟ ಸದ್ದು ಮಾಡಿತು.

ಹಾಗೆ ಉತ್ತರ ಕೊಟ್ಟ ಹುಡುಗಿಯೇ ಈ ಕಥೆಗೆ ಕಾರಣ. ಹತ್ತನೇ ತರಗತಿ. ಉಜ್ಜಿನಿ ಕಡೆಯ ಹಳ್ಳಿ, ಕುರಿ ಸಾಕುವ ಮನೆ. ಗಣಿತದಲ್ಲಿ ಮೂವತ್ತೆಂಟು ತೆಗೆದಿದ್ದಳು, ಅದರಲ್ಲಿ ಮೂರು ನನ್ನ ಔದಾರ್ಯ. ಆದರೆ ಬಾಯಿ ತೆರೆದಳೆಂದರೆ ಪಕ್ಕದ ಕೋಣೆಯ ಕ್ವಿಜ್ ನಿಂತುಹೋಗುತ್ತಿತ್ತು. ಆಕೆಯ ಅಪ್ಪ ಊರಿನ ಭಜನಾ ಮೇಳದಲ್ಲಿ ಮುಂದೆ ಹಾಡುವಾತ. ಸೋಮವಾರದ ಭಜನೆಯಲ್ಲಿ ಆತನ ತೊಡೆಯ ಪಕ್ಕ ಕೂತೇ ಈಕೆ ಬೆಳೆದವಳು.

ಆ ವರ್ಷ ಬಳ್ಳಾರಿಯಿಂದ ಒಂದು ಸುದ್ದಿ ಬಂತು. ಅಲ್ಲಿ ಇದೇ ಸಿಸ್ಟರುಗಳ ಪಿಯು ಕಾಲೇಜಿದೆ, ಹಾಸ್ಟೆಲ್ ಇದೆ, ಸಂಗೀತವನ್ನು ಒಂದು ವಿಷಯವನ್ನಾಗಿ ಕಲಿಸುತ್ತಾರೆ. ಹಾಡುವ ಒಬ್ಬ ಹುಡುಗಿಗೆ ಅಂಕ ನೋಡದೆ ಸೀಟು ಕೊಡುತ್ತಾರೆ. ನಮ್ಮ ವಾರ್ಷಿಕೋತ್ಸವಕ್ಕೆ ಅಲ್ಲಿಯ ಹಿರಿಯ ಸಿಸ್ಟರೊಬ್ಬರು ಬಂದು ಕೇಳುತ್ತಾರೆ, ಹುಡುಗಿ ಒಬ್ಬಳೇ ನಿಂತು ಒಂದು ಹಾಡು ಹಾಡಬೇಕು. ನಾನು ಈ ವಿಷಯ ಹೇಳಿದಾಗ ಹುಡುಗಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. “ಹಾಡೋದಕ್ಕ ಮಾರ್ಕ್ಸ್ ಕೊಡ್ತಾರೇನ್ರಿ ಅಲ್ಲಿ? ಖರೇನ?” ಅಂದಳು. ಅವತ್ತಿನಿಂದ ಆಕೆಗೆ ಬಳ್ಳಾರಿ ಬಿಟ್ಟು ಬೇರೆ ಮಾತಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಸ್ಟೆಲ್ಲಿಗೆ ಒಯ್ಯಬೇಕಾದ ಸಾಮಾನು ಬರೆದಿಟ್ಟುಕೊಂಡಿದ್ದಳು, ತ್ರಿಕೋನಮಿತಿಯ ಸೂತ್ರಗಳಿರಬೇಕಾದ ಜಾಗದಲ್ಲಿ.

ಒಂದೇ ಒಂದು ತೊಡಕಿತ್ತು. ಆಕೆ ಪ್ರತಿ ಸಾಲು ಹಾಡಿ ನಿಂತುಬಿಡುತ್ತಿದ್ದಳು. ನಮ್ಮ ಕಡೆ ಭಜನೆ ಗೊತ್ತಿದ್ದವರಿಗೆ ಇದು ಗೊತ್ತು. ಮುಂದೆ ಹಾಡುವವರು ಒಂದು ಸಾಲು ಹೇಳುತ್ತಾರೆ, ಕೂತವರೆಲ್ಲ ಅದನ್ನು ಹಿಂದೆ ಹೇಳುತ್ತಾರೆ, ಆಮೇಲೆ ಮುಂದಿನ ಸಾಲು. ಹಿಂದೆ ಹೇಳದೆ ಸುಮ್ಮನೆ ಕೂತರೆ ಹಾಡಿದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಸಿಸ್ಟರಿಗೆ ಇದು ತಿಳಿಯಲಿಲ್ಲ. “ಎಂತಕ್ಕೆ ನಿಲ್ಲಿಸ್ತೀ ಮಗಾ?” ಎಂದು ಕೇಳಿದರು. ಹುಡುಗಿ ನೆಲ ನೋಡುತ್ತ, “ಯಾರೂ ಹಿಂದ ಹೇಳಲಿಲ್ಲ ಅಂದ್ರ ಮುಂದಿನದು ಬಾಯಿಗೆ ಬರಾಂಗಿಲ್ರಿ” ಎಂದಳು.

“ಸಂಗೀತ ಅಂದರೆ ಮೊದಲು ಮೌನ” ಎಂದರು ಸಿಸ್ಟರ್. ಮೌನ ಕಲಿಸುವ ಕೆಲಸ ನನಗೆ ಬಂತು. ಸಾಲು ಮುಗಿದ ಕೂಡಲೇ ಎದುರಿಗೆ ನಿಂತು ಬೆರಳೆತ್ತಿ ಒಂದು, ಎರಡು, ಮೂರು, ನಾಲ್ಕು ಎಂದು ತೋರಿಸುತ್ತಿದ್ದೆ. ನಾಲ್ಕಕ್ಕೆ ಆಕೆ ಮುಂದಿನ ಸಾಲು ಎತ್ತಬೇಕು. ಆಕೆ ಒಮ್ಮೆ ಅತ್ತಳು ಕೂಡ. ನಾನು ಬಿಡಲಿಲ್ಲ. ಮೂರು ತಿಂಗಳಲ್ಲಿ, ಹದಿನಾರು ವರ್ಷ ಕೇಳಿ ಬೆಳೆದದ್ದನ್ನು ಮರೆಸಿ, ಒಬ್ಬಳೇ ಗಡಗಡ ಹಾಡಿ ಮುಗಿಸುವಂತೆ ಮಾಡಿದೆ. ಎನ್‌ರಿಚ್‌ಮೆಂಟ್ ಎಂದರೆ ಇದೇ ಇರಬೇಕು ಎಂದುಕೊಂಡೆ. ಹೆಮ್ಮೆಯೂ ಆಯಿತು, ಸುಳ್ಳೇಕೆ.

ವಾರ್ಷಿಕೋತ್ಸವದ ಮಧ್ಯಾಹ್ನ ಮೈದಾನದಲ್ಲಿ ಶಾಮಿಯಾನ. ಮುಂದಿನ ಸೋಫಾದಲ್ಲಿ ಬಳ್ಳಾರಿಯ ಹಿರಿಯ ಸಿಸ್ಟರ್, ತೊಡೆಯ ಮೇಲೆ ಒಂದು ಫಾರ್ಮು. ಹುಡುಗಿಯ ಅಪ್ಪ ಒಬ್ಬನೇ ಬಂದಿರಲಿಲ್ಲ. ಮಗಳು ಹಾಡುತ್ತಾಳೆಂದು ಎರಡು ಟಂಟಂ ಗಾಡಿ ತುಂಬ ಊರಿನವರನ್ನು ಹೇರಿಕೊಂಡು ಬಂದಿದ್ದ, ಭಜನಾ ಮೇಳದವರು ಒಬ್ಬರೂ ತಪ್ಪಿರಲಿಲ್ಲ. ನಾನು ಮೈಕಿನಲ್ಲಿ ಮೂರು ಸಲ, “ಪಾಲಕರು ದಯವಿಟ್ಟು ಶಾಂತರೀತಿಯಿಂದ ಸಹಕರಿಸಬೇಕು” ಎಂದೆ. ಅವರು ತಲೆಯಾಡಿಸಿದರು. ಸಹಕರಿಸುವುದೇ ಅವರ ಉದ್ದೇಶವೂ ಆಗಿತ್ತು.

ಹಾಡು ಸಿಸ್ಟರ್ ಅವರೇ ಬರೆದದ್ದು. ‘ಬಾಗಿಲು ತೆರೆದಿದೆ, ಒಳಗೆ ಬಾ ದೇವರೇ’ ಎಂದು ಶುರು. ಹುಡುಗಿ ಮೊದಲ ಸಾಲು ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ ಹಿರಿಯ ಸಿಸ್ಟರ್ ಪೆನ್ನಿನ ಮುಚ್ಚಳ ತೆಗೆದರು. ನಾನು ವೇದಿಕೆಯ ಪಕ್ಕದಿಂದ ನಾಲ್ಕು ಬೆರಳು ತೋರಿಸಿದೆ, ಆಕೆ ಎರಡನೇ ಸಾಲಿಗೆ ಹೋದಳು. ಇಷ್ಟೂ ಜನ ಕೂತಿದ್ದಾರೆ, ಮಗಳ ಸಾಲನ್ನು ಒಬ್ಬರೂ ಎತ್ತಿಕೊಳ್ಳಲಿಲ್ಲ ಎನ್ನುವುದು ಅಪ್ಪನಿಗೆ ಗೊತ್ತಾದದ್ದು ಆಗ. ಎಂಥಾ ಅವಮಾನ ಅನಿಸಿತೋ ಏನೋ, ಎದ್ದು ನಿಂತ. “ಏ, ಹೇಳ್ರಪಾ! ಕೂಸು ಒಂದ ಹಾಡಾಕತ್ತೈತಿ, ಸುಮ್ನ ಕುಂತೀರಲ್ಲ!” ಎಂದು ತಾನೇ ಸಾಲು ಎತ್ತಿದ.

ಎರಡು ಟಂಟಂ ಜನ ಎತ್ತಿಕೊಂಡರು. ಅವರ ಹಿಂದೆ ಕೂಡ್ಲಿಗಿಯವರು, ಹಿಂದಿನ ಬೆಂಚಿನಲ್ಲಿದ್ದ ಯಾರದೋ ಹಗರಿಬೊಮ್ಮನಹಳ್ಳಿಯ ಬೀಗರು, ಗೇಟಿನ ಹತ್ತಿರ ಮಿರ್ಚಿ ಕರಿಯುತ್ತಿದ್ದವನು ಕೂಡ. ಯಾರೋ ಜೇಬಿನಿಂದ ತಾಳ ತೆಗೆದರು, ಜೇಬಿನಲ್ಲಿ ತಾಳ ಇಟ್ಟುಕೊಂಡೇ ಬಂದಿದ್ದರು! ಹುಡುಗಿ ಒಂದು ಕ್ಷಣ ನನ್ನ ಬೆರಳು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಅಲ್ಲಿಗೆ ಮೂರು ತಿಂಗಳ ನನ್ನ ಸಾಧನೆ ಮಣ್ಣುಪಾಲು. ಸಾಲು ಹೇಳಿ ನಿಂತಳು, ಕಾದಳು, ಜನ ಹೇಳಿದರು, ನಕ್ಕು ಮುಂದಿನದಕ್ಕೆ ಹೋದಳು. ಸಿಸ್ಟರ್ ಅವರ ಕೀಬೋರ್ಡು ಇಡೀ ಹಾಡಿನುದ್ದಕ್ಕೂ ಒಂದು ಸಾಲು ಮುಂದೆ ಒಂಟಿಯಾಗಿ ಓಡುತ್ತಿತ್ತು. ಮೂರು ನಿಮಿಷದ ಹಾಡು ಹನ್ನೊಂದು ನಿಮಿಷವಾಯಿತು. ಐದನೇ ಸಾಲಿಗೆ ನನ್ನ ಬಾಯಿಯೂ ಹಿಂದೆ ಹೇಳುತ್ತಿತ್ತು. ನಾನೂ ಕೊಟ್ಟೂರಿನವಳು, ಏನು ಮಾಡಲಿ? ಸಿಸ್ಟರ್ ನನ್ನತ್ತ ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಚಪ್ಪಾಳೆ ನಿಂತ ಮೇಲೆ ಹಿರಿಯ ಸಿಸ್ಟರ್ ನನ್ನನ್ನು ಹತ್ತಿರ ಕರೆದರು. ಮುಖ ಅರಳಿತ್ತು. “ತುಂಬಾ ಚೆನ್ನಾಗಿತ್ತು ಟೀಚರ್. ಒಬ್ಬಳೇ ಹಾಡುವ ಹುಡುಗಿ ಯಾವಾಗ ಬರ್ತಾಳೆ?” ಎಂದು ಕೇಳಿದರು.

ಅದೇ ಹುಡುಗಿ ಎಂದು ವಿವರಿಸಿದೆವು. ಒಳ್ಳೆಯ ಹೆಂಗಸು, ಬೇಸರಿಸಲಿಲ್ಲ. ಆದರೆ ಆಕೆಯೊಬ್ಬಳ ದನಿ ಕೇಳದೆ ಫಾರ್ಮು ತುಂಬುವುದು ಹೇಗೆ ಎಂದರು. ಅದೂ ನ್ಯಾಯವೇ. ಹೊರಡುವ ಮುಂಚೆ ಆಫೀಸ್ ರೂಮಿನಲ್ಲಿ ಇನ್ನೊಮ್ಮೆ ಕೇಳುತ್ತೇನೆ ಎಂದರು. ಊರಿನವರನ್ನೆಲ್ಲ ಗೇಟಿನಾಚೆ ಮಂಡಕ್ಕಿ ಮಿರ್ಚಿಗೆ ಕಳಿಸಿ, ಬಾಗಿಲು ಹಾಕಿ, ಫ್ಯಾನ್ ಕೂಡ ಆರಿಸಿದೆವು. ಒಳಗೆ ನಾಲ್ಕೇ ಜನ. ಇಬ್ಬರು ಸಿಸ್ಟರುಗಳು, ಹುಡುಗಿ, ನಾನು. “ಟೀಚರ್, ಈ ಸಲ ಮೌನ” ಎಂದು ಸಿಸ್ಟರ್ ನನಗೆ ಬೇರೆಯಾಗಿ ಹೇಳಿದರು.

ಹುಡುಗಿ ಮೊದಲ ಸಾಲು ಹಾಡಿದಳು. ನಿಂತಳು. ನಾನು ಬೆರಳು ಎತ್ತಿದೆ, ಒಂದು, ಎರಡು, ಮೂರು, ನಾಲ್ಕು. ಆಕೆ ಬೆರಳು ನೋಡಲಿಲ್ಲ, ನನ್ನ ಬಾಯಿ ನೋಡುತ್ತಿದ್ದಳು. ಅರ್ಧ ಗಂಟೆಯ ಹಿಂದೆ ಆ ಬಾಯಿ ಹಿಂದೆ ಹೇಳಿದ್ದನ್ನು ವೇದಿಕೆಯ ಮೇಲಿಂದ ಆಕೆ ಕಂಡಿದ್ದಳು. ನಾನು ಮೆಲ್ಲಗೆ, ಗುನುಗಿದಂತೆ, ಆ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಹಿರಿಯ ಸಿಸ್ಟರ್ ಏನೂ ಅನ್ನುತ್ತಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನಮ್ಮ ಸಿಸ್ಟರ್ ನೋಡುತ್ತಿದ್ದರು. ಇಪ್ಪತ್ತು ವರ್ಷ ಸರ್ವೀಸ್ ಆದವಳು ನಾನು, ಒಂದೇ ದಿನ ಎರಡು ಸಲ ಬೈಸಿಕೊಳ್ಳಲು ಮನಸ್ಸಾಗಲಿಲ್ಲ. ತುಟಿ ಬಿಗಿಹಿಡಿದು ನಿಂತೆ. ಹುಡುಗಿಯ ಕಣ್ಣು ತುಂಬಿತು, ಮುಂದಿನ ಸಾಲು ಬರಲಿಲ್ಲ. ಹಿರಿಯ ಸಿಸ್ಟರ್ ಆಕೆಯ ಕೆನ್ನೆ ತಟ್ಟಿ, ಒಂದು ಚಾಕಲೇಟು ಕೊಟ್ಟು, ಫಾರ್ಮಿನಲ್ಲಿ ಒಂದು ಸಾಲು ಬರೆದು ಕಾರು ಹತ್ತಿದರು.

ತಿಂಗಳಿಗೆ ಕಾಗದ ಬಂತು. ಸೀಟು ಬೇರೆ ಶಾಲೆಯ ಹುಡುಗಿಗೆ ಹೋಗಿತ್ತು. ನಮ್ಮ ಹುಡುಗಿಯ ದನಿ ಒಳ್ಳೆಯದು, ಆತ್ಮವಿಶ್ವಾಸ ಸಾಲದು, ಮುಂದಿನ ಸಲ ಪ್ರಯತ್ನಿಸಲಿ ಎಂದು ಬರೆದಿದ್ದರು. ಹತ್ತನೇ ತರಗತಿಗೆ ಮುಂದಿನ ಸಲ ಬರುವುದು ಫೇಲಾದವರಿಗೆ ಮಾತ್ರ. ಈಕೆ ಆ ಅನುಕೂಲವನ್ನೂ ಕಳೆದುಕೊಂಡು ಪಾಸಾದಳು, ಗಣಿತದಲ್ಲಿ ನಲವತ್ತೊಂದು ತೆಗೆದು.

ಟಿ.ಸಿ. ಒಯ್ಯಲು ಜೂನಿನಲ್ಲಿ ಅಪ್ಪನ ಜೊತೆ ಬಂದಳು. ಕೊಟ್ಟೂರಿನ ಕಾಲೇಜಿಗೆ ಸೇರಿಸುತ್ತೇವೆ ಎಂದರು. ಅಲ್ಲಿ ಇತಿಹಾಸ ಇದೆ, ಅರ್ಥಶಾಸ್ತ್ರ ಇದೆ, ಹಾಡು ಇಲ್ಲ. ಹುಡುಗಿ ಸಹಿ ಹಾಕಿ ಬದಿಗೆ ಸರಿದು ನಿಂತಳು. ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡು, ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಕೇಳುವವನ ಹಾಗೆ ಮುಂದೆ ಬಂದ.

“ಟೀಚರ್ರ, ಬಳ್ಳಾರಿ ಸೀಟು ಯಾಕ ತಪ್ತು ಅಂತ ಕೇಳಿದ್ರ, ಹಿಂದ ಹೇಳೋರು ಕಡಿಮಿ ಬಿದ್ರಪ್ಪ ಅಂತಾಳ್ರಿ ಇಕಿ. ನಾ ಎರಡು ಗಾಡಿ ಮಂದಿ ತಂದಿದ್ದೆ. ಅದೂ ಸಾಲಲಿಲ್ಲೇನ್ರಿ?”

ನಾನು ಹುಡುಗಿಯ ಕಡೆ ನೋಡಿದೆ. ಅಪ್ಪನಿಗೆ ನೋವಾಗದಿರಲಿ ಎಂದು ಹೇಳಿದ ಮಾತಾಗಿತ್ತು ಅದು. ನಾನು ಅದನ್ನು ಕೆಡಿಸುತ್ತೇನೋ ಎಂದು ಆಕೆ ಉಸಿರು ಹಿಡಿದು ನಿಂತಿದ್ದಳು.

“ಹೌದ್ರಿ, ಕಡಿಮಿ ಬಿತ್ತು” ಎಂದೆ.

“ಎಷ್ಟ ಮಂದಿ ಕಡಿಮಿ ಬಿದ್ರು ರೀ?”

“ಒಬ್ರು” ಎಂದೆ.

“ಒಬ್ರಽ?” ಎಂದು ಆತ ಹಣೆ ಬಡಿದುಕೊಂಡ. “ಅಯ್ಯ, ಒಬ್ರ ಸಲುವಾಗಿ ಹೋತಲ್ರಿ! ಹೇಳಿದ್ರ ಊರಾಗಿಂದ ಯಾರ್ನರ ಕರಕೊಂಡು ಬರ್ತಿದ್ನಲ್ರಿ.”