ಎದುರು ಪಾರ್ಟಿಯ ಗೋಪೀನಾಥ

ಕಾಮಾಕ್ಷಿಪಾಳ್ಯದ ಆ ಓಣಿಯಲ್ಲಿ ಶಂಭುಲಿಂಗಪ್ಪನವರನ್ನು ಊದುಬತ್ತಿ ಸಾವ್ಕಾರ್ರು ಅಂತ ಕರೆಯುತ್ತಿದ್ದರು. ಸಾವ್ಕಾರ್ರು ಅನ್ನೋದು ಬರೀ ಮರ್ಯಾದೆಯ ಮಾತು. ಅವರಿಗಿದ್ದದ್ದು ಕೆಳಗೆ ಶಟರ್ ಹಾಕಿದ ಒಂದು ಕೋಣೆ, ಮೇಲೆ ಪುಟ್ಟದೊಂದು ಮನೆ. ಹರಿಹರದ ಕಡೆಯವರು. ಮದುವೆಯಾದ ಹೊಸದರಲ್ಲಿ ಹೆಂಡತಿ ನೀಲಮ್ಮನ ಜೊತೆ ಬೆಂಗಳೂರಿಗೆ ಬಂದು, ಬೇರೆ ಬೇರೆ ಕಂಪನಿಗಳ ಊದುಬತ್ತಿಯನ್ನು ಅವರವರ ಡಬ್ಬಿಗೆ ತುಂಬಿ ಕೊಡುವ ಕೆಲಸ ಹಿಡಿದಿದ್ದರು. ವರ್ಷಗಟ್ಟಲೆ ಅದನ್ನೇ ಮಾಡಿದ ಮೇಲೆ ಒಂದು ದಿನ ನೀಲಮ್ಮನೇ ಕೇಳಿದಳು.

“ಇನ್ನೂ ಎಷ್ಟು ದಿನ ಮಂದಿ ಹೆಸರಿನ ಡಬ್ಬಿ ತುಂಬ್ತೀರಿ?”

“ಹಂಗಾದ್ರೆ ನಿನ್ನ ಹೆಸರೇ ಇಡೋಣ ಬಿಡು” ಅಂದರು ಶಂಭುಲಿಂಗಪ್ಪ, ತಮಾಷೆಗೆ. ತಮಾಷೆ ನಿಜವಾಯಿತು. ರಾಜಾಜಿನಗರದ ಪ್ರಿಂಟರ್ ಒಬ್ಬ ತಿಳಿನೀಲಿ ಬಣ್ಣದ ಡಬ್ಬಿ ಮಾಡಿ, ಸುತ್ತ ಮಲ್ಲಿಗೆ ಮಾಲೆಯ ಚಿತ್ರ ಬಿಡಿಸಿಕೊಟ್ಟ. ನಡುವೆ ದಪ್ಪಕ್ಷರದಲ್ಲಿ ‘ನೀಲಮ್ಮ ಊದುಬತ್ತಿ’. ಬಸವೇಶ್ವರನಗರ, ವಿಜಯನಗರದ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿಗಳಲ್ಲಿ, ಗುಡಿ ಪಕ್ಕದ ಹೂವಿನವರ ಹತ್ತಿರ ಅದು ನಿಧಾನಕ್ಕೆ ಓಡತೊಡಗಿತು.

ಅವರಿಗೆ ಮಕ್ಕಳಾಗಲಿಲ್ಲ. ಒಂದು ಬೆಳಗ್ಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ನೀಲಮ್ಮ ತೀರಿಕೊಂಡಳು. ಆಮೇಲೆ ಶಂಭುಲಿಂಗಪ್ಪನವರಿಗೆ ಮಾತು ಅಂತ ಉಳಿದದ್ದು ಕೆಳಗಿನ ಕೋಣೆಯಲ್ಲಿ ಪ್ಯಾಕಿಂಗಿಗೆ ಬರುತ್ತಿದ್ದ ಹೆಂಗಸರ ಜೊತೆ ಮಾತ್ರ. ಅವರು ಸಂಜೆ ಹೊರಟುಹೋದರೆ ಮರುದಿನ ಬೆಳಗಿನ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಕಪ್ಪು ಕೋಟಿನ ಯುವಕನೊಬ್ಬ ಬಂದ. ಜೊತೆಗೊಬ್ಬ ಪೊಲೀಸ್ ಕಾನ್‌ಸ್ಟೇಬಲ್. ಹಿಂದೆ ಫೈಲು ಹಿಡಿದು ಬೆವರು ಒರೆಸಿಕೊಳ್ಳುತ್ತ ನಿಂತಿದ್ದವರು ತೆಳ್ಳಗೆ ಎತ್ತರದ ಹಿರಿಯರೊಬ್ಬರು.

“ನಾನು ಕೋರ್ಟ್ ಕಮಿಷನರ್. ನಿಮ್ಮ ಮೇಲೆ ನೀಲಮಾಲಾ ಊದುಬತ್ತಿ ಕಂಪನಿಯವರು ಟ್ರೇಡ್‌ಮಾರ್ಕ್ ದಾವೆ ಹಾಕಿದ್ದಾರೆ. ಸ್ಟಾಕ್ ಎಣಿಸಿ ಸೀಲ್ ಮಾಡಬೇಕು ಅಂತ ಆದೇಶ ಇದೆ” ಅಂದ ಯುವಕ.

“ನನ್ನನ್ನ ಒಂದು ಮಾತೂ ಕೇಳದೇನೇ?”

“ಮೊದಲೇ ತಿಳಿಸಿದ್ರೆ ಕೆಲವರು ಮಾಲು ಸಾಗಿಸಿಬಿಡ್ತಾರೆ ಸಾರ್. ಅದಕ್ಕೆ ಈ ಥರ ಕೇಸಲ್ಲಿ ಮೊದಲು ತಡೆಯಾಜ್ಞೆ ಕೊಡ್ತಾರೆ. ನಿಮ್ಮ ಮಾತನ್ನ ಕೋರ್ಟು ಆಮೇಲೆ ಕೇಳುತ್ತೆ. ಲಾಯರ್ ಇಟ್ಕೊಳ್ಳಿ.”

ತುಂಬಿದ ಡಬ್ಬಿಗಳು, ಖಾಲಿ ಡಬ್ಬಿಗಳು, ಲೇಬಲ್ ಸುರುಳಿಗಳು ಎಲ್ಲ ರಟ್ಟಿನ ಪೆಟ್ಟಿಗೆ ಸೇರಿದವು. ಬಟ್ಟೆ ಸುತ್ತಿ, ದಾರ ಕಟ್ಟಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋಗಲಿಲ್ಲ. ಕೋರ್ಟ್ ಹೇಳುವ ತನಕ ಮುಟ್ಟದೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ ಅಂತ ಶಂಭುಲಿಂಗಪ್ಪನವರಿಂದಲೇ ಮುಚ್ಚಳಿಕೆ ಬರೆಸಿಕೊಂಡು ಅವರ ವಶಕ್ಕೇ ಬಿಟ್ಟರು. ಹೊರಡುವ ಹೊತ್ತಿಗೆ ಆ ಎತ್ತರದ ಹಿರಿಯರು ಕುಡಿಯಲು ನೀರು ಕೇಳಿದರು. ಕುಡಿದು ಲೋಟ ವಾಪಸ್ ಕೊಡುತ್ತ ಮೆಲ್ಲಗೆ ಅಂದರು:

“ಬೇಜಾರ್ ಮಾಡ್ಕೋಬೇಡಿ ಸಾರ್. ನಾನು ಗೋಪೀನಾಥ ಅಂತ, ಕಂಪನಿ ಕಡೆಯಿಂದ ದಾವೆಗೆ ಸಹಿ ಹಾಕಿರೋನು. ಸಂಬಳದೋನು, ಹೇಳಿದ ಕಡೆ ಹೋಗಬೇಕು.”

ಶಂಭುಲಿಂಗಪ್ಪನವರಿಗೆ ಸಿಟ್ಟು ಬರಬೇಕಿತ್ತು. ಅದೇಕೋ ಬರಲಿಲ್ಲ. ನೀಲಮ್ಮ ಹೋದ ಮೇಲೆ ಆ ಮನೆಯಲ್ಲಿ ಹೊರಗಿನವರು ನೀರು ಕೇಳಿ ಕುಡಿದದ್ದು ಅದೇ ಮೊದಲು.

ಮಾರುವಂತಿಲ್ಲ ಅಂದ ಮೇಲೆ ಪ್ಯಾಕಿಂಗಿನ ಹೆಂಗಸರಿಗೆ ಕೆಲಸವಿಲ್ಲ. ಒಬ್ಬೊಬ್ಬರಾಗಿ ಗಾರ್ಮೆಂಟ್ಸ್ ಸೇರಿಕೊಂಡರು. ಕೆಳಗಿನ ಕೋಣೆಯಲ್ಲಿ ಮುದ್ರೆ ಒತ್ತಿದ ಪೆಟ್ಟಿಗೆಗಳು ಗೋಡೆಗೆ ಆತುಕೊಂಡು ಕೂತವು. ಎಷ್ಟು ಬಟ್ಟೆ ಸುತ್ತಿದ್ದರೂ ಗಂಧ ಹೊರಗೆ ಬರುವುದು ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಮೇಲಿನ ಮನೆಗೂ ಬರುತ್ತಿತ್ತು, ಅನ್ನದ ತಟ್ಟೆಗೂ ಬರುತ್ತಿತ್ತು. “ಸಾವ್ಕಾರ್ರು ಈಗ ಪೂರ್ತಿ ಪೂಜೆಗೇ ಕೂತುಬಿಟ್ಟಿದಾರೆ” ಅಂತ ಓಣಿಯವರು ಅಂದುಕೊಂಡರು.

ಸೌಮ್ಯಶ್ರೀ ಅನ್ನುವ ವಕೀಲೆಯನ್ನು ಪರಿಚಯದವರು ತೋರಿಸಿಕೊಟ್ಟರು. ಚಿಕ್ಕ ವಯಸ್ಸಿನ ಹುಡುಗಿ, ನೇರ ಮಾತು. ಶಂಭುಲಿಂಗಪ್ಪ ಎರಡೂ ಡಬ್ಬಿಗಳನ್ನು ಅವಳ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

“ನೋಡಮ್ಮ, ಎಲ್ಲಿ ಒಂದೇ ಥರ ಇವೆ? ಅವರದ್ದು ನೀಲಮಾಲಾ, ನಂದು ನೀಲಮ್ಮ. ನನ್ನ ಹೆಂಡತಿ ಹೆಸರು.”

“ಹೀಗೆ ಪಕ್ಕಪಕ್ಕ ಇಟ್ಟು ನೋಡಲ್ಲ ಅಂಕಲ್. ಹೋದ ತಿಂಗಳು ಒಂದು ಡಬ್ಬಿ ತಗೊಂಡಿರೋರು ಈ ತಿಂಗಳು ಅಂಗಡಿಗೆ ಬರ್ತಾರೆ. ಅರ್ಧಂಬರ್ಧ ನೆನಪಿರುತ್ತೆ. ನೀಲಿ ಡಬ್ಬಿ, ಮಲ್ಲಿಗೆ ಮಾಲೆ, ನೀಲ ಅಂತ ಏನೋ ಹೆಸರು. ಆ ಅರ್ಧ ನೆನಪಲ್ಲಿ ಮೋಸ ಹೋಗ್ತಾರಾ ಇಲ್ವಾ ಅಂತ ಕೋರ್ಟು ನೋಡುತ್ತೆ. ಯಾರು ಮೊದಲಿಂದ ಮಾರ್ತಾ ಇದ್ರು ಅಂತಾನೂ ನೋಡುತ್ತೆ. ಅವರು ನಿಮಗಿಂತ ಎಷ್ಟೋ ವರ್ಷ ಮುಂಚೆ.”

ಅವಳು ತನ್ನ ಪಾಲಿನ ವಾದ ಚೆನ್ನಾಗಿಯೇ ಮಾಡಿದಳು. ಹೆಂಡತಿಯ ಹೆಸರು ಪ್ರಾಮಾಣಿಕವಾಗಿ ಇಟ್ಟದ್ದು ಅಂದಳು. ಹೆಸರಿನ ಪ್ರಶ್ನೆ ಸಾಕ್ಷ್ಯ ನೋಡಿ ತೀರ್ಮಾನವಾಗಬೇಕು, ಆದರೆ ಡಬ್ಬಿಯ ಬಣ್ಣ ಮತ್ತು ಮಾಲೆ ಗ್ರಾಹಕರಿಗೆ ಗೊಂದಲ ಮಾಡುವಂತಿವೆ ಅಂತ ನ್ಯಾಯಾಧೀಶರು ತಡೆಯಾಜ್ಞೆಯನ್ನು ಮುಂದುವರಿಸಿದರು. ಅಲ್ಲಿಂದ ಮುಂದೆ ಡೇಟಿನ ಮೇಲೆ ಡೇಟು.

“ನೀವು ಪ್ರತಿ ಸಲ ಬರಬೇಕು ಅಂತಿಲ್ಲ ಅಂಕಲ್, ನಾನು ನೋಡ್ಕೋತೀನಿ” ಅಂತ ಸೌಮ್ಯಶ್ರೀ ಹೇಳಿದಳು. ಶಂಭುಲಿಂಗಪ್ಪ ಒಂದು ಡೇಟನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಬೆಳಗ್ಗೆ ಕೋರ್ಟು ತೆರೆಯುವ ಮೊದಲೇ ಕಾರಿಡಾರಿನ ಬೆಂಚಿನಲ್ಲಿ ಹಾಜರು. ಒಳಗೆ ಅವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಎದ್ದು ನಿಲ್ಲುತ್ತಿದ್ದರು. ಲೋಕದಲ್ಲಿ ಬೇರೆ ಯಾರೂ ಅವರ ಪೂರ್ತಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗೋಪೀನಾಥ ಕೂರುತ್ತಿದ್ದರು. ಕಂಪನಿಯವರು ಅವರನ್ನೂ ಪ್ರತಿ ಡೇಟಿಗೆ ಕಳಿಸುತ್ತಿದ್ದರು. ಮೊದಮೊದಲು ನಮಸ್ಕಾರ ಮಾತ್ರ. ಒಂದು ಸಲ ಜಡ್ಜ್ ಸಾಹೇಬರು ರಜೆ ಅಂತ ಗೊತ್ತಾದಾಗ ಗೋಪೀನಾಥರೇ ಅಂದರು:

“ಬಂದಿದ್ದಕ್ಕೆ ಒಂದು ಕಾಫಿನಾದ್ರೂ ಕುಡಿಯೋಣ ಬನ್ನಿ ಶಂಭುಲಿಂಗಪ್ಪನೋರೆ.”

“ಎದುರು ಪಾರ್ಟಿ ಜೊತೆ ಕುಡೀಬಹುದಾ?”

“ಕಾಫಿಗೆ ತಡೆಯಾಜ್ಞೆ ಇಲ್ವಲ್ಲ.”

ಅಂದಿನಿಂದ ಅದು ಪದ್ಧತಿಯಾಯಿತು. ಕಾಫಿ, ಆಮೇಲೆ ಮೆಟ್ರೋ. ಗೋಪೀನಾಥರದ್ದು ಕೆಂಗೇರಿ, ಇವರು ಇಳಿಯಬೇಕಾದದ್ದು ವಿಜಯನಗರ. ಯಾವ ಬೆಂಚ್ ಕ್ಲರ್ಕ್ ಒಳ್ಳೆಯವನು, ಯಾವ ಲಾಯರ್ ಬರೀ ಟೈಮ್ ಕೇಳುತ್ತಾನೆ, ನಮ್ಮ ಕೇಸಿನ ಮುಂದಿನದು ಯಾರದು, ಇಷ್ಟೇ ಮಾತು. ವಿಜಯನಗರ ಬಂದಾಗ ಮಾತು ನಡುವೆ ಇದ್ದರೆ ಶಂಭುಲಿಂಗಪ್ಪ ಇಳಿಯುತ್ತಿರಲಿಲ್ಲ. ಕೆಂಗೇರಿ ತನಕ ಹೋಗಿ, “ಇಲ್ಲೇ ಸ್ವಲ್ಪ ಕೆಲಸ ಇದೆ” ಅಂತ ಸುಳ್ಳು ಹೇಳಿ, ಗೋಪೀನಾಥ ಮರೆಯಾದ ಮೇಲೆ ವಾಪಸ್ ರೈಲು ಹತ್ತುತ್ತಿದ್ದರು.

ಕೊನೆಗೆ ನ್ಯಾಯಾಧೀಶರು ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದರು. ಮಧ್ಯಸ್ಥರಾಗಿದ್ದವರು ವರಲಕ್ಷ್ಮಿ ಅನ್ನುವ ಹಿರಿಯ ವಕೀಲೆ. ದುಂಡು ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಕಂಪನಿಯ ಷರತ್ತು ಓದಿ ಹೇಳಿದರು. ನೀಲಮ್ಮ ಅನ್ನುವ ಹೆಸರು ಶಂಭುಲಿಂಗಪ್ಪನವರಿಗೇ ಉಳಿಯುತ್ತೆ. ನೀಲಿ ಬಣ್ಣ ಮತ್ತು ಮಾಲೆ ಬಿಡಬೇಕು, ನೀಲಮ್ಮನ ಹೆಸರಿನ ಮೇಲೆ ಶಂಭುಲಿಂಗಪ್ಪ ಅಂತ ತಮ್ಮ ಹೆಸರೂ ಹಾಕಬೇಕು. ಹಳೆಯ ಡಬ್ಬಿಗಳನ್ನು ನಾಶ ಮಾಡಬೇಕು, ಒಳಗಿನ ಕಡ್ಡಿ ಶಂಭುಲಿಂಗಪ್ಪನವರೇ ಇಟ್ಟುಕೊಳ್ಳಬಹುದು. ಪರಿಹಾರವನ್ನು ಕಂಪನಿ ಕೇಳುವುದಿಲ್ಲ.

ಸೌಮ್ಯಶ್ರೀಯ ಮುಖ ಅರಳಿತು. ಶಂಭುಲಿಂಗಪ್ಪ ಮೇಜನ್ನೇ ನೋಡುತ್ತ ಕೂತರು.

“ನಾನು ಯೋಚನೆ ಮಾಡ್ತೀನಿ” ಅಂದರು.

ಮುಂದಿನ ಸಲವೂ ಅದನ್ನೇ ಅಂದರು. ಅದರ ಮುಂದಿನ ಸಲ ಒಪ್ಪಲ್ಲ ಅಂದೇಬಿಟ್ಟರು. ಮಾತುಕತೆ ಮುರಿಯಿತು ಅಂತ ಕೇಸು ಕೋರ್ಟಿಗೆ ಮರಳಿತು. ಹೊರಗೆ ಬಂದ ಸೌಮ್ಯಶ್ರೀಗೆ ಸಿಟ್ಟು ತಡೆಯಲಾಗಲಿಲ್ಲ.

“ಗೆದ್ರೂ ಇದಕ್ಕಿಂತ ಹೆಚ್ಚು ಸಿಗಲ್ಲ ಅಂಕಲ್! ನಿಮಗೆ ಬೇಕಾದ್ದಾದ್ರೂ ಏನು?”

“ನ್ಯಾಯ ಬೇಕಮ್ಮ” ಅಂದರು. ಹೇಳಿದ ಮೇಲೆ ತಮ್ಮ ಬಾಯಿಂದ ಬಂದ ಮಾತು ತಮಗೇ ಟೊಳ್ಳಾಗಿ ಕೇಳಿಸಿತು.

ಸಾಕ್ಷ್ಯ ಶುರುವಾಗುವ ಹಂತ ಬಂತು. ಕಂಪನಿಯ ಸಾಕ್ಷಿ ಗೋಪೀನಾಥರೇ. ಆ ಡೇಟಿನ ದಿನ ಅವರು ಕೋರ್ಟಿನ ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಹತ್ತುವುದನ್ನು ಶಂಭುಲಿಂಗಪ್ಪ ಮೇಲಿನಿಂದ ನೋಡಿದರು. ಕೇಸು ಮತ್ತೆ ಮುಂದಕ್ಕೆ ಹೋಯಿತು. ವಾಪಸ್ ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು. ಗೋಪೀನಾಥ ಮಂಡಿ ಒತ್ತಿಕೊಳ್ಳುತ್ತ ಕೂತರು.

“ಆಪರೇಶನ್ ಮಾಡಿಸ್ಕೊಳ್ಳಿ ಅಂತ ಡಾಕ್ಟರ್ ಹೇಳಿ ಬಹಳ ದಿನ ಆಯ್ತು. ನಂಗೆ ರಿಟೈರ್‌ಮೆಂಟೂ ಆಗಿದೆ ಗೊತ್ತಾ? ಈ ಕೇಸಿಗೆ ಸಹಿ ಹಾಕಿರೋನು ನೀನೇ, ಎಲ್ಲ ನಿಂಗೇ ಗೊತ್ತು, ಮುಗಿಯೋ ತನಕ ಇರು ಅಂತ ಕಂಪನಿಯವರು ಹಿಡಿದುಕೊಂಡಿದಾರೆ.”

ಶಂಭುಲಿಂಗಪ್ಪ ಸ್ವಲ್ಪ ಸರಿದು ಅವರಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟರು.

“ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮ ಮನೆಯೋರ ಹೆಸರು ಉಳೀತಾ ಇತ್ತಲ್ಲ. ಯಾಕೆ ಒಪ್ಪಲಿಲ್ಲ?”

ರೈಲು ಹೊಸಹಳ್ಳಿ ದಾಟುತ್ತಿತ್ತು. ಶಂಭುಲಿಂಗಪ್ಪ ಕಿಟಕಿಯ ಕಡೆ ತಿರುಗಿ, ತೀರಾ ಸಣ್ಣ ದನಿಯಲ್ಲಿ ಅಂದರು:

“ಮುಗಿದ್ರೆ ನೀವು ಬರಲ್ಲವಲ್ಲ.”

ಗೋಪೀನಾಥ ನಗಲು ಹೋದರು. ಶಂಭುಲಿಂಗಪ್ಪನವರ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಇವರ ತೋಳಿನ ಮೇಲೆ ಕೈ ಇಟ್ಟರು.

“ಅದಕ್ಕೆ ಕೋರ್ಟ್ ಬೇಕಾ ಶಂಭುಲಿಂಗಪ್ಪನೋರೆ? ಮನೆಗೆ ಬನ್ನಿ. ಫೋನ್ ಮಾಡಿ.”

ಆ ದಿನ ಶಂಭುಲಿಂಗಪ್ಪ ವಿಜಯನಗರದಲ್ಲೇ ಇಳಿದರು. ಸ್ಟೇಷನ್ನಿನ ಕೆಳಗೆ ನಿಂತು ಸೌಮ್ಯಶ್ರೀಗೆ ಫೋನ್ ಮಾಡಿ, “ರಾಜಿ ಮಾಡ್ಸಿಬಿಡಮ್ಮ” ಅಂದರು. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ರಾಜಿ ಅರ್ಜಿಗೆ ಇಬ್ಬರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದರು. ಒಪ್ಪಿ ಸಹಿ ಹಾಕಿದ್ದೀರಾ, ಯಾರ ಒತ್ತಾಯವೂ ಇಲ್ಲವಾ ಅಂತ ನ್ಯಾಯಾಧೀಶರು ಕೇಳಿದರು. “ಇಲ್ಲ ಸ್ವಾಮಿ” ಅಂದರು ಶಂಭುಲಿಂಗಪ್ಪ. ಅಷ್ಟು ವರ್ಷ ಎಳೆದ ಕೇಸು ಒಂದು ಕಾಫಿ ಕುಡಿಯುವ ಹೊತ್ತಿನೊಳಗೆ ಮುಗಿಯಿತು.

ಡಬ್ಬಿ ನಾಶ ಮಾಡುವ ದಿನ ಅದೇ ಕಮಿಷನರ್ ಬಂದು ಮುದ್ರೆ ಸರಿಯಿದೆಯೇ ನೋಡಿ ಪೆಟ್ಟಿಗೆ ತೆರೆಸಿದ. ಗೋಪೀನಾಥ ಕುರ್ಚಿ ಎಳೆದುಕೊಂಡು ಕೂತರು, ಶಂಭುಲಿಂಗಪ್ಪ ನೆಲದ ಮೇಲೆ. ಕಡ್ಡಿಗಳನ್ನು ಹೊರಗೆ ಸುರಿದು ಡಬ್ಬಿ ಹರಿಯುವ ಕೆಲಸವನ್ನು ಇಬ್ಬರೂ ಮಾಡಿದರು. ಮೊದಲ ಡಬ್ಬಿ ಹರಿಯುವಾಗ ಶಂಭುಲಿಂಗಪ್ಪನವರ ಕೈ ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿತು. ಗೋಪೀನಾಥ ಅದನ್ನು ಗಮನಿಸಿ, “ಮಾಲೆ ಇರೋ ಕಡೆಯಿಂದ ಹರೀರಿ, ಸಾಕು” ಅಂದರು. ಕಮಿಷನರ್ ಆಕ್ಷೇಪ ಮಾಡಲಿಲ್ಲ. ಹಾಗೇ ಸಂಜೆಯ ತನಕ ಹರಿದರು. ಹೊರಡುವಾಗ ಗೋಪೀನಾಥ ಒಂದು ಹಿಡಿ ಕಡ್ಡಿ ಕೇಳಿ, ಪೇಪರಿನಲ್ಲಿ ಸುತ್ತಿಸಿಕೊಂಡು ಹೋದರು.

ಆಪರೇಶನ್ ಆದ ಮೇಲೆ ಶಂಭುಲಿಂಗಪ್ಪ ಹಣ್ಣು ತೆಗೆದುಕೊಂಡು ಕೆಂಗೇರಿಗೆ ಹೋದರು. ಮನೆ ತುಂಬ ಜನ. ಮಗಳು, ಅಳಿಯ, ಮೊಮ್ಮಕ್ಕಳು, ನೋಡಲು ಬಂದ ನೆಂಟರು. ಗೋಪೀನಾಥ ಮಂಚದಲ್ಲಿ ಒರಗಿಕೊಂಡೇ ಖುಷಿಯಿಂದ ಎಲ್ಲರಿಗೂ ಪರಿಚಯ ಮಾಡಿಸಿದರು. “ನಮ್ಮ ಕೇಸಿನೋರು, ಶಂಭುಲಿಂಗಪ್ಪ ಅಂತ.” ಅವರ ಹೆಂಡತಿ ಉಪ್ಪಿಟ್ಟು ತಂದುಕೊಟ್ಟರು. ಇಬ್ಬರೂ ಹೇಗಿದ್ದೀರಿ ಅಂದುಕೊಂಡರು. ಮಂಡಿ ಹೇಗಿದೆ ಅಂತ ಇವರು ಕೇಳಿದರು, ಹೊಸ ಡಬ್ಬಿ ಬಂತಾ ಅಂತ ಅವರು ಕೇಳಿದರು. ಹಸಿರು ಬಣ್ಣ ಮಾಡಿಸಿದೀನಿ ಅಂದರು ಇವರು. ಆಮೇಲೆ ಏನು ಮಾತಾಡಬೇಕು ಅಂತ ಇಬ್ಬರಿಗೂ ತೋಚಲಿಲ್ಲ. ಬೆಂಚಿನ ಮೇಲೆ ಅಷ್ಟೊಂದು ಬರುತ್ತಿದ್ದ ಮಾತು ಇಲ್ಲಿ ಹುಡುಕಿದರೂ ಸಿಗಲಿಲ್ಲ. ಮೊಮ್ಮಗಳು ಬಂದು ತಾತನ ಪಕ್ಕ ಹತ್ತಿ ಕೂತಳು. ತುಸು ಹೊತ್ತಿನ ಮೇಲೆ ಶಂಭುಲಿಂಗಪ್ಪ ಎದ್ದರು.

“ಬರ್ತಾ ಇರಿ” ಅಂದರು ಗೋಪೀನಾಥ, ಮನಸ್ಸಿನಿಂದಲೇ.

“ಬರ್ತೀನಿ” ಅಂದರು ಇವರು. ಮತ್ತೆ ಹೋಗಲಿಲ್ಲ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ.

ಪ್ಯಾಕಿಂಗಿಗೆ ಈಗ ಒಬ್ಬಳು ಹೊಸ ಹೆಂಗಸು ಬರುತ್ತಾಳೆ. ಮೊಬೈಲಿನ ವೈರು ಕಿವಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುವವಳು. ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ ಅಷ್ಟೇ. ಮೊನ್ನೆ ವಿಜಯನಗರದ ಅಂಗಡಿಗೆ ಮಾಲು ಹಾಕಲು ಹೋದಾಗ ಅಂಗಡಿಯ ರಾಜೇಂದ್ರ ಹಸಿರು ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ:

“ಕೇಸ್ ಏನಾಯ್ತು ಸಾವ್ಕಾರ್ರೆ?”

“ರಾಜಿ ಆಯ್ತಪ್ಪ.”

“ಒಳ್ಳೇದಾಯ್ತು ಬಿಡಿ. ಕೋರ್ಟು ಕಚೇರಿ ಅಂತ ಅಲೆಯೋ ಕರ್ಮ ತಪ್ಪಿತು.”

“ಹೂಂ, ತಪ್ಪಿತು” ಅಂದರು ಶಂಭುಲಿಂಗಪ್ಪ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯಲ್ಲಿ ಗಿರಾಕಿಗಳು ಇದ್ದದ್ದರಿಂದ ಇನ್ನೊಂದು ಮಾತಿಗೆ ನಿಲ್ಲದೆ ರಸ್ತೆಗೆ ಇಳಿದರು.