ಬೀಗರ ಮನೆಯ ಏಡಿ ಸಾರು

ಆ ದಿನ ನಮ್ಮ ಮನೆಯವರು ಸಾಯಲು ಹೊರಟಿದ್ದು ಮರ್ಯಾದೆಗೆ. ಏಡಿಯದು ಅರ್ಧ ತಪ್ಪು. ಉಳಿದರ್ಧದಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ನಾವು ಬೆಳಗಾವಿಯವರು. ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಮಳೆ ಹಿಡಿದು ಗದ್ದೆಯಲ್ಲಿ ನೀರು ನಿಂತಿತೆಂದರೆ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಫೋನ್ ಮಾಡುತ್ತಾಳೆ: "ಏಡಿ ಬಂದಾವ್ರಿ, ಬರ್ರಿ." ನಾವು ಬಸ್ ಹತ್ತುತ್ತೇವೆ. ಈ ಸಲವೂ ಹತ್ತಿದೆವು.

ನಮ್ಮ ಮನೆಯವರು ಉದ್ಯಮಬಾಗದ ಫೌಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿಯ ಸದ್ದಿನಲ್ಲಿ ಕೂಗಿ ಕೂಗಿ, ಈಗಲೂ ಮನೆಯಲ್ಲಿ ಚಟ್ನಿ ಕೇಳಿದರೆ ಓಣಿಯ ಕೊನೆಯ ಮನೆಯವರು ಹೊರಗೆ ಬಂದು ನೋಡುತ್ತಾರೆ. ಬೀಗರ ಮನೆಯಲ್ಲಿ ಮಾತ್ರ ಅವರಷ್ಟು ಸಂಭಾವಿತರು ಬೇರೆ ಯಾರೂ ಇಲ್ಲ. ಹಾಕಿದ್ದು ಬಿಡುವುದಿಲ್ಲ, ಬೇಡ ಅನ್ನುವುದಿಲ್ಲ. ತಾಟಿನಲ್ಲಿ ಬಿಟ್ಟರೆ ಮುಂದಿನ ಮಳೆಗಾಲದ ತನಕ ಮಗಳು ಅತ್ತೆಯಿಂದ ಮಾತು ಕೇಳುವುದು ತಪ್ಪದು ಎಂಬುದು ಅವರ ಲೆಕ್ಕ.

ಆ ದಿನ ಏಡಿ ಸಾರಿನ ಊಟಕ್ಕೆ ಕೂತವರು ಎರಡು ತುತ್ತಿಗೇ ಅಂಗೈ ತುರಿಸಿಕೊಂಡರು. ಆಮೇಲೆ ಕಿವಿ. ಆಮೇಲೆ ಗಂಟಲು ಕೆರೆದುಕೊಳ್ಳತೊಡಗಿದರು. ನಾನು ಮೊಣಕೈಯಿಂದ ತಿವಿದೆ.

"ಏನಾತ್ರಿ?"

"ಖಾರ," ಎಂದರು.

ಬೀಗತಿ ಅದನ್ನು ಹೊಗಳಿಕೆ ಎಂದುಕೊಂಡಳು. "ಬೀಗರಿಗೆ ನನ್ನ ಕೈಯಾಂದು ಭಾಳ ಸೇರತೈತಿ," ಎಂದು ಇನ್ನೊಂದು ಏಡಿ ಹಾಕಿದಳು. ಅದನ್ನೂ ತಿಂದರು. ಕಾಲು ಸಹ ಬಿಡದೆ ಚೀಪಿದರು.

ಕೈ ತೊಳೆದು ಬರುವಷ್ಟರಲ್ಲಿ ಹೊಟ್ಟೆಯಿಂದ ಕುತ್ತಿಗೆಯ ತನಕ ಕೆಂಪು ದದ್ದು ಎದ್ದಿದ್ದವು. ನಾನು ನೋಡಿದವಳೇ ಪಿತ್ತ ಎಂದೆ. ನಮ್ಮದು ಕುರಿ ಸಾಕಿ ಕಂಬಳಿ ನೇಯ್ದ ಮನೆತನ. ಪಿತ್ತದ ದದ್ದಿಗೆ ಕಂಬಳಿ ಹೊದಿಸಿ ತಿಕ್ಕಬೇಕು ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಆದರೆ ಖಾನಾಪುರದವರಿಗೆ ಎಲ್ಲಕ್ಕೂ ಆಮಸೂಲ ಬೇಕು, ಮುರುಗಲ ಹಣ್ಣಿನ ಆ ಹುಳಿ ಸಿಪ್ಪೆ.

"ಆಮಸೂಲ ನೆನಿಸಿ ಮೈಗೆ ಹಚ್ಚೂಣ್ರಿ ಅಕ್ಕಾರ, ಕಂಬಳಿ ಯಾವ ಕಾಲದ್ದು," ಎಂದಳು ಬೀಗತಿ.

"ಹುಳಿ ಹಚ್ಚಾಕ ಅವರೇನು ತಾಮ್ರದ ಕೊಡ ಏನ?" ಎಂದೆ.

ಕೊನೆಗೆ ಎರಡೂ ಮಾಡಿದೆವು. ಮೈಗೆಲ್ಲ ಆಮಸೂಲದ ಕೆಂಪು ನೀರು, ಮೇಲೆ ಕಂಬಳಿ. ಒಂದು ಬದಿ ನಾನು, ಒಂದು ಬದಿ ಅವಳು, ಎಮ್ಮೆ ತಿಕ್ಕಿದ ಹಾಗೆ ತಿಕ್ಕಿದೆವು. ಮಗಳು ಬಂದು "ಅವ್ವಾ, ಅಪ್ಪನ ಮಾರಿ ನೋಡು. ದವಾಖಾನಿಗೆ ಹೋಗೂಣು," ಎಂದಳು. "ನೀ ಸುಮ್ಮನಿರು," ಎಂದೆವು ಇಬ್ಬರೂ ಒಟ್ಟಿಗೆ. ಬೀಗತನ ಬೆಳೆಸಿದ ಹನ್ನೆರಡು ವರ್ಷದಲ್ಲಿ ನಾನೂ ಬೀಗತಿಯೂ ಒಂದೇ ಮಾತು ಆಡಿದ್ದು ಅದೊಂದೇ ಸಲ, ಅದೂ ತಪ್ಪು ಮಾತು.

ಅಷ್ಟರಲ್ಲಿ ತುಟಿ ಎರಡು ವಡೆಯಷ್ಟು ಊದಿಕೊಂಡವು. ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ವಾಂತಿ ಮಾಡಿಕೊಂಡರು. ತಲೆ ಎತ್ತಿ ನನ್ನ ಸೀರೆಯ ಸೆರಗು ಹಿಡಿದು ಏನೋ ಅಂದರು. ಕೇಳಿಸಲಿಲ್ಲ. ಬಗ್ಗಿದೆ.

"ಗಂಟಲಾ... ಮುಚ್ಚಾಕತ್ತೈತಿ."

ಆ ಮನುಷ್ಯ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಉಸಿರಿನಲ್ಲಿ ಸಿಳ್ಳೆಯ ಹಾಗೆ ಸದ್ದು ಬರುತ್ತಿತ್ತು. ಪಿತ್ತ ಚರ್ಮದ ಮೇಲೆ ಏಳುತ್ತದೆ, ಧ್ವನಿಯನ್ನು ಕದಿಯುವುದಿಲ್ಲ. ಕಂಬಳಿ ಕಿತ್ತೆಸೆದೆ.

ಅವರು ಸಂಭಾವಿತರಲ್ಲವೆ, "ನಡಕೋತ ಬರ್ತೀನಿ" ಎಂಬಂತೆ ಸನ್ನೆ ಮಾಡಿ ಎದ್ದರು. ಎದ್ದವರು ಕಣ್ಣು ಮೇಲೆ ಮಾಡಿ ಅಲ್ಲೇ ಕುಸಿದರು. ಇನ್ನು ನಡೆಸುವ ಮಾತೇ ಇಲ್ಲ. ಮಗಳು ಓಣಿಗೆ ಓಡಿ ಸಾಮಾನು ಸಾಗಿಸುವ ಒಂದು ಟಂಟಂ ಗಾಡಿ ನಿಲ್ಲಿಸಿದಳು. ಒಳಗೆ ಅಕ್ಕಿ ಚೀಲಗಳಿದ್ದವು. ಬೆನ್ನಿಗೆ ಒಂದು ಚೀಲ ಒರಗಿಸಿ ಮಲಗಿಸಿದೆವು, ಕಾಲು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಮೈಯೆಲ್ಲ ಕೆಂಪು ಬಳಿದುಕೊಂಡು ಮಲಗಿದ ಮುದುಕ, ಪಕ್ಕದಲ್ಲಿ ಮೂವರು ಹೆಂಗಸರು. ಬಜಾರಿನಲ್ಲಿ ಚಹಾದಂಗಡಿಯವನೊಬ್ಬ ಎದ್ದು ನಿಂತು ಕೈ ಮುಗಿದ.

"ಇನ್ನೂ ಜೀವಂತ ಅದಾರೋ, ದಾರಿ ಬಿಡ್ರಿ," ಎಂದು ಒದರಿದೆ. ಆ ದಿನ ಮನೆಯವರ ಧ್ವನಿ ನನಗೆ ಬಂದಿತ್ತು.

ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಚಿಕ್ಕ ಹುಡುಗಿ. ನೋಡಿದ್ದೇ ತಡ, ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ತೊಡೆಗೆ ಇಂಜೆಕ್ಷನ್ ಚುಚ್ಚಿದಳು. ಮೂಗಿಗೆ ಆಮ್ಲಜನಕ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಸಿಳ್ಳೆ ಸಣ್ಣದಾಯಿತು. ಆಮೇಲೆ ನಮ್ಮ ಕಡೆ ತಿರುಗಿದಳು.

"ಈ ಕೆಂಪಂದು ಏನ್ರಿ?"

ಬೀಗತಿ ನನ್ನನ್ನು ನೋಡಿದಳು. ನಾನು ಬೀಗತಿಯನ್ನು ನೋಡಿದೆ.

"ಮೊದಲ ಹಿಂಗ ಯಾವಾಗರ ಆಗಿತ್ತೇನು?"

ಆಗ ಮನೆಯವರೇ ಮೆಲ್ಲಗೆ ಬಾಯಿ ಬಿಟ್ಟರು: ಹೋದ ಮಳೆಗಾಲವೂ ಬೀಗರ ಮನೆಯ ಏಡಿ ತಿಂದಾಗ ತುಟಿ ಜುಮುಗುಟ್ಟಿತ್ತಂತೆ. ಯಾರಿಗೂ ಹೇಳಿರಲಿಲ್ಲ.

"ಬರೇ ದದ್ದು ಅಂತ ತಿಳ್ಕೋಬ್ಯಾಡ್ರಿ ಅಮ್ಮಾ," ಎಂದಳು ಡಾಕ್ಟರ್ ಬಾಯಿ. "ತಿಂದ ಕೂಡ್ಲೆ ದದ್ದು ಎದ್ದು, ವಾಂತಿ ಆಗಿ, ಉಸಿರು ಹಿಡದು, ತಲಿ ತಿರುಗಿದ್ರ ಅದು ಅಲರ್ಜಿ. ಗುಳಿಗಿ ನುಂಗಿ ಕುಂಡ್ರಬಾರ್ದು, ಈ ಇಂಜೆಕ್ಷನ್ನೇ ಬೇಕು. ಇನ್ನು ಇವರ ಬಾಯಿಗೆ ಏಡಿ ಬ್ಯಾಡ, ಸಿಗಡಿನೂ ಬ್ಯಾಡ. ಇನ್ನೊಂದಿಷ್ಟು ತಡಾ ಆಗಿದ್ರ ನನ್ನ ಕೈಯಾಗ ಏನೂ ಉಳಿತಿರಲಿಲ್ಲ."

ಇಳಿದದ್ದು ಮತ್ತೆ ಏರಬಹುದು ಎಂದು ಆಂಬುಲೆನ್ಸಿನಲ್ಲಿ ಬೆಳಗಾವಿಯ ದೊಡ್ಡ ದವಾಖಾನೆಗೆ ಕಳಿಸಿದಳು. ಅಲ್ಲಿ ಒಂದು ರಾತ್ರಿ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ತುಟಿ ತುಟಿಯಾಗಿತ್ತು. ಬೀಗತಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. "ನಿಮ್ಮ ಬಾಯಿಲೆನ ಹೇಳ್ರಿ, ನನಗ ಏಡಿ ಆಗಂಗಿಲ್ಲ ಅಂತ."

ಅವರು ಗಂಟಲು ಸರಿ ಮಾಡಿಕೊಂಡು, ಇಡೀ ವಾರ್ಡು ಎಚ್ಚರಾಗುವಂತೆ ಹೇಳಿದರು: "ಬೀಗತೆವ್ವಾ, ಸಾರು ಮಾತ್ರ ಏಕದಂ ಬೆಸ್ಟ್ ಆಗಿತ್ತ್ ನೋಡ್ರಿ."

ನಾನು ಫೋನ್ ಕಸಿದುಕೊಂಡೆ. "ಇವರಿಗೆ ಬ್ಯಾಡ ಅನ್ನಾಕ ಬರಂಗಿಲ್ಲ ತಂಗಿ. ಇವರ ಬದ್ಲಿ ನಾ ಹೇಳ್ತೀನಿ ಕೇಳು. ಇನ್ನ ಇವರ ತಾಟಿಗೆ ಏಡಿ ಹಾಕಿದಿ ಅಂದ್ರ, ಹಾಕಿದ ಕೈಗೆ ಸವಟು ಬೀಳತೈತಿ."



"ಹಂಗಾರ ಕೋಳಿ ಆಗತೈತೇನ್ರಿ?" ಎಂದಳು ಬೀಗತಿ.

ಆಗುತ್ತದೆ ಎಂದು ಹೇಳಿ, ಅವರಿಗೆ ಚಹಾ ತರಲು ಕೆಳಗಿಳಿದೆ.